ಅಪ್ಪನಿಗೆ ಕಿವಿ ಕೇಳಿಸಲ್ಲ, ಕೋರ್ಟ್ ಹಾಲ್ ಮಹಡಿ ಮೇಲಿದೆ. ಏನು ಕೇಳಬಹುದು, ಹೇಗೆ ಕೇಳಬೇಕು?

ತೋಟದ ಮಗಳು (ಸೋಮವಾರ, ರಾತ್ರಿ 10:40)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಪ್ಪನಿಗೆ 71 ವರ್ಷ. ರಿಟೈರ್ಡ್ ಪ್ರೈಮರಿ ಸ್ಕೂಲ್ ಮೇಷ್ಟ್ರು. ಮೂರು ವರ್ಷದ ಹಿಂದೆ ಸ್ಟ್ರೋಕ್ ಆಗಿ ಬಲಗಾಲು ಎಳೆಯುತ್ತಾರೆ. ಎರಡೂ ಕಿವಿ ಮಂದ. ಮಷಿನ್ ಹಾಕುತ್ತಾರೆ, ಆದರೆ ಗದ್ದಲ ಇರುವ ಕಡೆ ಅದು ಗದ್ದಲವನ್ನೇ ದೊಡ್ಡದು ಮಾಡುತ್ತೆ. ದೊಡ್ಡಪ್ಪನ ಮಕ್ಕಳ ಜೊತೆ ಜಮೀನಿನ ಪಾಲಿನ ದಾವೆ ಇದೆ. ಅಪ್ಪನೇ ವಾದಿ, ಪಿ.ಡಬ್ಲ್ಯೂ.1 (ವಾದಿ ಕಡೆಯ ಮೊದಲನೇ ಸಾಕ್ಷಿ).

ಕಳೆದ ವಾರ ಪಾಟಿ ಸವಾಲು ಶುರುವಾಯಿತು. ಕೋರ್ಟ್ ಹಾಲ್ ಮೊದಲನೇ ಮಹಡಿಯಲ್ಲಿದೆ. 22 ಮೆಟ್ಟಿಲು, ಲಿಫ್ಟ್ ಇಲ್ಲ. ನಮ್ಮ ಡ್ರೈವರ್ ಮತ್ತು ಯಾರೋ ಒಬ್ಬರು ಪುಣ್ಯಾತ್ಮರು ಸೇರಿ ಅಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಮೇಲೆ ಹೊತ್ತರು. ಕಟಕಟೆಯಲ್ಲಿ ಸುಮಾರು 40 ನಿಮಿಷ ನಿಂತೇ ಇದ್ದರು. ಎದುರು ಪಾರ್ಟಿ ವಕೀಲರು ಫೈಲ್ ನೋಡಿಕೊಂಡು, ತಲೆ ತಗ್ಗಿಸಿಕೊಂಡು ಕೇಳುತ್ತಿದ್ದರು. ಮೇಲೆ ಫ್ಯಾನ್ ಶಬ್ದ. ಅಪ್ಪ ಹ್ಞೂಂ, ಹ್ಞೂಂ ಅಂತ ತಲೆ ಆಡಿಸುತ್ತಾ ಹೋದರು.

ಆಮೇಲೆ ಸಾಕ್ಷ್ಯದ ಕಾಪಿ ತಗೊಂಡು ಓದಿದರೆ ಒಂದು ಸಾಲು ಹೀಗಿದೆ: "1998ರಲ್ಲಿಯೇ ನಮ್ಮ ಮನೆಯಲ್ಲಿ ಬಾಯಿ ಮಾತಿನ ಪಾಲು ಆಗಿದೆ ಎಂದರೆ ಸರಿ."

ಅಪ್ಪನನ್ನು ಕೇಳಿದೆ. "1998ರಲ್ಲಿ ಆ ಮನೇಲೇ ಇದ್ರಾ ಅಂತ ಕೇಳಿದ್ರು, ಹೌದು ಅಂದೆ" ಅಂದರು. ಪಾಲೇ ಆಗಿಲ್ಲ ಅಂತ ದಾವೆ ಹಾಕಿದವರು ನಾವು! ನಮ್ಮ ವಕೀಲರು "ಸರಿಯಾಗಿ ಕೇಳಿಸಿಕೊಂಡು ಉತ್ತರ ಕೊಡಿ ಅಂತ ಹೇಳಿದ್ದೆ ಅಲ್ವಾ" ಅಂತ ನಮ್ಮ ಮೇಲೇ ರೇಗಿದರು.

ಮುಂದಿನ ತಾರೀಖಿಗೆ ಮೂರು ವಾರ ಇದೆ. ಇಂಥವರಿಗೆ ಕೋರ್ಟಿನಲ್ಲಿ ಏನಾದರೂ ಅನುಕೂಲ ಮಾಡಿಕೊಡಿ ಅಂತ ಕೇಳುವ ದಾರಿ ಇದೆಯಾ? ಕೇಳಿದರೆ ಜಡ್ಜ್ ಸಿಟ್ಟಾಗುತ್ತಾರಾ?

ಚಹಾ ಅಂಗಡಿ (ಸೋಮವಾರ, ರಾತ್ರಿ 11:05)

ಛೇ. ಓದಿ ಹೊಟ್ಟೆ ಉರಿಯಿತು. ನಮ್ಮ ಅತ್ತೆಯನ್ನೂ ಹೀಗೇ ಎತ್ತಿಕೊಂಡು ಹೋಗಿದ್ದೆವು. ಮೇಲೆ ಹೋದ ಮೇಲೆ "ಸಾಹೇಬ್ರು ರಜೆ" ಅಂದರು. ಮತ್ತೆ ಇಳಿಸಿಕೊಂಡು ಬಂದೆವು.

ಕರಿಕೋಟು (ಮಂಗಳವಾರ, ಬೆಳಿಗ್ಗೆ 7:15)

ತೋಟದ ಮಗಳು ಮೇಡಂ, ನಾನು 19 ವರ್ಷದಿಂದ ತಾಲ್ಲೂಕು, ಜಿಲ್ಲಾ ಕೋರ್ಟುಗಳಲ್ಲಿ ಸಿವಿಲ್ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ನಿಮ್ಮ ವಕೀಲರಿಗೆ ಅಡ್ಡ ಮಾತಾಡುವ ಉದ್ದೇಶ ನನಗಿಲ್ಲ. ಇದನ್ನು ಅವರಿಗೇ ತೋರಿಸಿ.

ನಿಮ್ಮ ಹತ್ತಿರ ಎರಡು ಬೇರೆ ಬೇರೆ ಕೆಲಸ ಇದೆ. ಒಂದು, ಆಗಿಹೋದ ಆ "ಎಂದರೆ ಸರಿ". ಎರಡು, ಮುಂದಿನ ತಾರೀಖು.

ಮೊದಲನೆಯದಕ್ಕೆ ಹೆದರಬೇಡಿ. ಪಾಟಿ ಸವಾಲು ಇನ್ನೂ ಮುಗಿದಿಲ್ಲ, ಅಪ್ಪ ಇನ್ನೂ ಸಾಕ್ಷಿಯಾಗಿಯೇ ಇದ್ದಾರೆ. ಪಾಟಿ ಸವಾಲು ಮುಗಿದ ಮೇಲೆ ಮರು ವಿಚಾರಣೆಯಲ್ಲಿ ಆ ಸಾಲಿನ ಬಗ್ಗೆ ಸ್ಪಷ್ಟನೆ ಕೊಡಿಸಬಹುದು. ಎಲ್ಲ ಮುಗಿದು ಸಾಕ್ಷಿಯನ್ನು ಕಳಿಸಿದ ಮೇಲೆ ಗೊತ್ತಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ (ಸಿಪಿಸಿ) ಆರ್ಡರ್ 18 ರೂಲ್ 17ರಲ್ಲಿ ಮತ್ತೆ ಕರೆಸಿ ಅಂತ ಅರ್ಜಿ ಹಾಕಬೇಕಿತ್ತು. ಅದು ಕಷ್ಟದ ದಾರಿ, ಕೋರ್ಟುಗಳು ಸುಲಭಕ್ಕೆ ಒಪ್ಪುವುದಿಲ್ಲ.

ಎರಡನೆಯದಕ್ಕೆ ಕಾನೂನು ಗಟ್ಟಿಯಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, 12ನೇ ಕಲಂ. ಯಾವುದೇ ಕೋರ್ಟು, ಟ್ರಿಬ್ಯುನಲ್, ಆಯೋಗದ ಮುಂದೆ ಅಂಗವೈಕಲ್ಯ ಇರುವವರು ಬೇಧಭಾವ ಇಲ್ಲದೆ ಹೋಗುವಂತೆ ಸರ್ಕಾರ ನೋಡಿಕೊಳ್ಳಬೇಕು ಅನ್ನುತ್ತದೆ ಅದು. ಅವರು ಬಯಸುವ ಭಾಷೆಯಲ್ಲಿ, ಅವರಿಗೆ ಆಗುವ ರೀತಿಯಲ್ಲಿ ಹೇಳಿಕೆ ದಾಖಲಿಸಲು ಬೇಕಾದ ಸೌಕರ್ಯ ಇರಬೇಕು ಅಂತಲೂ ಹೇಳುತ್ತದೆ. ಅದೇ ಕಾಯ್ದೆಯ 2ನೇ ಕಲಂ ಓದಿದರೆ, ಸೂಕ್ತ ಅನುಕೂಲ ಮಾಡಿಕೊಡದೆ ಇರುವುದೇ ಬೇಧಭಾವ ಅಂತ ಬರುತ್ತದೆ. ನಮ್ಮ ವಕೀಲರ ಸಂಘದಲ್ಲಿ ಎಷ್ಟೋ ಜನ ಆ ಸಾಲನ್ನು ಓದೇ ಇಲ್ಲ.

"ಶೇ. 40 ಅಂಗವೈಕಲ್ಯದ ಸರ್ಟಿಫಿಕೇಟ್ ಇಲ್ಲ" ಅಂತ ಎದುರು ಪಾರ್ಟಿ ತಗಾದೆ ತೆಗೆಯಬಹುದು. ಮೀಸಲಾತಿಯಂಥ ಸವಲತ್ತುಗಳಿಗೆ ಆ 40 ಬೇಕು. ಸೂಕ್ತ ಅನುಕೂಲ ಕೇಳುವುದಕ್ಕೆ ಬೇಡ. 2021ರ ವಿಕಾಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಅದು ಯುಪಿಎಸ್‌ಸಿ ಪರೀಕ್ಷೆಗೆ ಬರೆಯುವವರನ್ನು ಕೊಡಿ ಅಂತ ಕೇಳಿದ್ದ ಕೇಸು, ಆದರೆ ತತ್ವ ಒಂದೇ. ಅಪ್ಪನ ಆಡಿಯೊಗ್ರಾಂ (ಕಿವಿ ಪರೀಕ್ಷೆಯ ರಿಪೋರ್ಟ್), ಇ.ಎನ್.ಟಿ. ಡಾಕ್ಟರ ಒಂದು ಪತ್ರ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದ್ದರೆ ಅದರ ಕಾಪಿ. ಇಷ್ಟು ಸಾಕು.

ಜಡ್ಜ್ ಸಿಟ್ಟಾಗುತ್ತಾರಾ ಅಂದಿರಿ. ಸಾಕ್ಷಿ ಕಟಕಟೆ ಹತ್ತಿದ ಮೇಲೆ ವಕೀಲರು ಎದ್ದು ನಿಂತು "ಸ್ವಾಮಿ, ಇವರಿಗೆ ಕೇಳಿಸಲ್ಲ" ಅಂದರೆ ಸಿಟ್ಟಾಗುತ್ತಾರೆ. ಒಂದು ವಾರ ಮೊದಲೇ ಕೊಟ್ಟರೆ ಸಾಮಾನ್ಯವಾಗಿ ಆಗುವುದಿಲ್ಲ.

ತೋಟದ ಮಗಳು (ಮಂಗಳವಾರ, ಬೆಳಿಗ್ಗೆ 8:02)

ಸರ್, ತುಂಬಾ ಥ್ಯಾಂಕ್ಸ್. ಅರ್ಜಿಯಲ್ಲಿ ಏನು ಬರೆಯಬೇಕು? ಅಪ್ಪನ ಆಸ್ಪತ್ರೆ ಫೈಲ್ ಪೂರ್ತಿ ಇದೆ, ಎಂ.ಆರ್.ಐ. ರಿಪೋರ್ಟ್ ಸಮೇತ. ಎಲ್ಲ ಲಗತ್ತಿಸಲಾ?

ಕರಿಕೋಟು (ಮಂಗಳವಾರ, ಬೆಳಿಗ್ಗೆ 8:20)

ಬೇಡ! ದಯವಿಟ್ಟು ಬೇಡ. ನೀವು ಹಾಕಿದ ಪ್ರತಿ ಹಾಳೆಯ ಕಾಪಿ ಎದುರು ಪಾರ್ಟಿಗೆ ಹೋಗುತ್ತದೆ. ಸ್ಟ್ರೋಕ್ ರಿಪೋರ್ಟ್ ಸಿಕ್ಕಿದರೆ ಮುಂದಿನ ಪ್ರಶ್ನೆ ಏನು ಗೊತ್ತಾ? "ನಿಮಗೆ ನೆನಪಿನ ಶಕ್ತಿ ಇಲ್ಲ ಎಂದರೆ ಸರಿಯೇ?" ರೋಗದ ಚರಿತ್ರೆ ಬರೆಯಬೇಡಿ, ಬೇಕಾಗಿರುವುದನ್ನು ಬರೆಯಿರಿ. ನಾನಾದರೆ ಸುಮಾರು ಹೀಗೆ ಬರೆಯುತ್ತೇನೆ:

"ವಾದಿಯವರಿಗೆ ಎರಡೂ ಕಿವಿಗಳಲ್ಲಿ ಶ್ರವಣದೋಷವಿದೆ. ದೂರದಿಂದ ಅಥವಾ ಮುಖ ಕಾಣದಂತೆ ಆಡಿದ ಮಾತು ತಿಳಿಯುವುದಿಲ್ಲ. ಕನ್ನಡ ಓದಲು, ಬರೆಯಲು ಚೆನ್ನಾಗಿ ಬರುತ್ತದೆ. ಬಲಗಾಲಿನ ದೌರ್ಬಲ್ಯದಿಂದ ಮೆಟ್ಟಿಲು ಹತ್ತಲು ಹಾಗೂ ಹೆಚ್ಚು ಹೊತ್ತು ನಿಲ್ಲಲು ಆಗುವುದಿಲ್ಲ. ಪ್ರಶ್ನೆ ಅರ್ಥವಾದಲ್ಲಿ ಉತ್ತರಿಸಲು ಯಾವ ತೊಂದರೆಯೂ ಇರುವುದಿಲ್ಲ. ಆದ್ದರಿಂದ ಇವರ ಸಾಕ್ಷ್ಯವನ್ನು ನೆಲಮಹಡಿಯಲ್ಲಿ ದಾಖಲಿಸಲು, ಕುಳಿತು ಸಾಕ್ಷ್ಯ ನುಡಿಯಲು, ಪ್ರತಿ ಪ್ರಶ್ನೆಯನ್ನು ಬರಹದಲ್ಲಿ ತೋರಿಸಿ ಉತ್ತರ ಪಡೆಯಲು, ನಡುವೆ ಅಲ್ಪ ವಿರಾಮ ನೀಡಲು ಅನುಮತಿ ಕೋರಲಾಗಿದೆ. ಈ ಕಾರಣಕ್ಕಾಗಿ ವಿಚಾರಣೆ ಮುಂದೂಡಬೇಕೆಂದು ಕೋರುತ್ತಿಲ್ಲ."

ಕೊನೆ ಸಾಲು ಬಿಡಬೇಡಿ. ಬೇಕಿದ್ದರೆ ಬೇರೆಲ್ಲ ಬದಲಾಯಿಸಿ, ಅದನ್ನು ಮಾತ್ರ ಇಡಿ.

ಜೊತೆಗೆ ಆರ್ಡರ್ 18 ರೂಲ್ 10 ಇದೆ. ವಿಶೇಷ ಕಾರಣ ಇದ್ದರೆ ಕೋರ್ಟು ಪ್ರಶ್ನೆ ಮತ್ತು ಉತ್ತರ ಎರಡನ್ನೂ ಇದ್ದದ್ದು ಇದ್ದ ಹಾಗೆ ಬರೆಸಿಕೊಳ್ಳಬಹುದು. ಯಾರೂ ಬಳಸದೆ ಮೂಲೆಯಲ್ಲಿ ಬಿದ್ದಿರುವ ನಿಯಮ. ನಿಮ್ಮಪ್ಪನಿಗೆ ಅದು ಚಿನ್ನ.

ಬೆಂಚ್ ಪಕ್ಕದವನು (ಮಂಗಳವಾರ, ಸಂಜೆ 6:50)

ನಾನು ಕೋರ್ಟ್ ಸಿಬ್ಬಂದಿ, ಊರು ಹೇಳುವುದಿಲ್ಲ. ಒಳಗಿನ ಮಾತು ಹೇಳುತ್ತೇನೆ.

ಅರ್ಜಿ ಹಾಕಿ ಸುಮ್ನೆ ಮನೆಗೆ ಹೋಗಬೇಡಿ. ಅದು ಫೈಲ್ ಒಳಗೆ ಸೇರಿ, ಮುಂದಿನ ತಾರೀಖಿನ ದಿನವೇ ಸಾಹೇಬರ ಕಣ್ಣಿಗೆ ಬೀಳುತ್ತದೆ. ಆಗ "ಆಯ್ತು, ಕೆಳಗಡೆ ಮಾಡೋಣ" ಅಂದರೂ ಕೆಳಗಿನ ಹಾಲ್‌ನಲ್ಲಿ ಬೇರೆ ಸಾಹೇಬರು ಕೂತಿರುತ್ತಾರೆ. ಹಾಲ್ ಅದಲು ಬದಲು ಮಾಡಬೇಕು ಅಂದರೆ ಇಬ್ಬರೂ ಮಾತಾಡಿಕೊಳ್ಳಬೇಕು, ಕಂಪ್ಯೂಟರ್ ವ್ಯವಸ್ಥೆ ನೋಡಬೇಕು. ಅದಕ್ಕೇ ನಿಮ್ಮ ವಕೀಲರು "ಅಡ್ವಾನ್ಸ್ ಮಾಡಿ ಆದೇಶಕ್ಕೆ ಇಡಿ" (ಅಂದರೆ ತಾರೀಖಿಗೆ ಮುಂಚೆಯೇ ಅರ್ಜಿ ನೋಡಿ ಆದೇಶ ಮಾಡಿ) ಅಂತ ಕೇಳಬೇಕು. ಆದೇಶ ಆದ ಮೇಲೆ ಶಿರಸ್ತೇದಾರರಿಗೂ ಬೆಂಚ್ ಕ್ಲರ್ಕಿಗೂ ಒಂದು ಮಾತು ಹೇಳಿ.

ಕೆಳಗೆ ಹಾಲ್ ಸಿಗದಿದ್ದರೆ ಖಾಲಿ ರೂಮ್ ಯಾವುದಾದರೂ ಇದೆಯಾ ನೋಡಿ. ಕಾನೂನು ಸೇವಾ ಸಮಿತಿ ರೂಮ್, ಮಧ್ಯಸ್ಥಿಕೆ ರೂಮ್ ಹಲವು ಕಡೆ ಕೆಳಗೇ ಇರುತ್ತವೆ.

ಇನ್ನೊಂದು. ಸಾಕ್ಷ್ಯ ಟೈಪ್ ಆಗುವ ಪರದೆ ಸ್ಟೆನೊ ಮುಂದೆ ಇರುತ್ತದೆ, ಸಾಹೇಬರ ಮುಂದೆ ಇನ್ನೊಂದು. ಸಾಕ್ಷಿಗೆ ಕಾಣುವ ಹಾಗೆ ಮೂರನೇದು ಇಡುವುದು ದೊಡ್ಡ ವಿಷಯ ಅಲ್ಲ, ಒಂದು ಕೇಬಲ್ ಸಾಕು. ಆದರೆ ಈಗ ನಾವು ಮೊದಲು ಉತ್ತರ ಬರಲಿ ಅಂತ ಕಾದು, ಆಮೇಲೆ "ಎಂದರೆ ಸರಿ" ಅಥವಾ "ಎಂದರೆ ಸರಿಯಲ್ಲ" ಸೇರಿಸಿ ಒಂದೇ ವಾಕ್ಯ ಮಾಡಿ ಟೈಪ್ ಮಾಡುತ್ತೇವೆ. ಅಪ್ಪನ ವಿಷಯದಲ್ಲಿ ಪ್ರಶ್ನೆ ಮೊದಲು ಟೈಪ್ ಆಗಬೇಕು. ಅದನ್ನು ಅರ್ಜಿಯಲ್ಲೇ ಬಿಡಿಸಿ ಬರೆಯಿರಿ. ಇಲ್ಲದಿದ್ದರೆ ಪರದೆ ಇದ್ದೂ ಪ್ರಯೋಜನ ಇಲ್ಲ.

ಎದುರು ಪಾರ್ಟಿ (ಮಂಗಳವಾರ, ರಾತ್ರಿ 9:12)

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ನಾನೂ ಸ್ವಲ್ಪ ಹೇಳುತ್ತೇನೆ. ನಮ್ಮ ಕೇಸಿನಲ್ಲಿ ಎದುರಿನ ಯಜಮಾನರು ನಾಲ್ಕು ವರ್ಷದಿಂದ "ಕಿವಿ ಕೇಳಿಸಲ್ಲ, ಮೈ ಸರಿ ಇಲ್ಲ" ಅಂತ ತಾರೀಖು ತಗೊಳ್ಳುತ್ತಲೇ ಇದ್ದಾರೆ. ಅದೇ ಮನುಷ್ಯ ಮದುವೆ ಮನೆಯಲ್ಲಿ ಮೂರನೇ ಪಂಕ್ತಿಯಿಂದ ಕರೆದರೂ ತಿರುಗಿ ನೋಡುತ್ತಾರೆ. ಇಂಥವರಿಂದ ನಿಜವಾಗಿ ತೊಂದರೆ ಇರುವವರನ್ನೂ ಯಾರೂ ನಂಬಲ್ಲ.

ಕರಿಕೋಟು (ಮಂಗಳವಾರ, ರಾತ್ರಿ 9:30)

ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ. ಅದಕ್ಕೇ ಆ ಕೊನೆ ಸಾಲು. ನಾಟಕ ಮಾಡುವವರು ತಾರೀಖು ಕೇಳುತ್ತಾರೆ. ನಿಜವಾಗಿ ಬೇಕಾದವರು ಕುರ್ಚಿ ಕೇಳುತ್ತಾರೆ. ನಿಮ್ಮ ಕೇಸಿನಲ್ಲಿ ನೀವೇ ಒಂದು ಮೆಮೋ ಹಾಕಿ: "ಅವರಿಗೆ ಪ್ರಶ್ನೆ ಬರೆದು ತೋರಿಸಲು, ಕೂತು ಹೇಳಲು ನಮ್ಮ ತಕರಾರು ಇಲ್ಲ, ಇವತ್ತೇ ಪಾಟಿ ಸವಾಲು ನಡೆಯಲಿ." ನೋಡೋಣ ಏನು ಮಾಡುತ್ತಾರೆ.

ಎದುರು ಪಾರ್ಟಿ (ಮಂಗಳವಾರ, ರಾತ್ರಿ 9:41)

ಹ್ಹಹ್ಹ. ಇದು ಹೊಳೆದಿರಲಿಲ್ಲ ಸರ್.

ಬಿಳಿ ಕೋಲು (ಬುಧವಾರ, ಬೆಳಿಗ್ಗೆ 6:30)

ನನಗೆ ಹುಟ್ಟಿನಿಂದ ಕಣ್ಣು ಕಾಣಿಸುವುದಿಲ್ಲ. ಚೆಕ್ ಬೌನ್ಸ್ ಕೇಸಿನಲ್ಲಿ ದೂರುದಾರ ನಾನೇ. ನನ್ನ ಅನುಭವ ಬೇರೆ ಥರ, ಆದರೆ ಯಾರಿಗಾದರೂ ಉಪಯೋಗ ಆಗಬಹುದು.

ಮೆಟ್ಟಿಲು ನನಗೆ ಸಮಸ್ಯೆಯೇ ಅಲ್ಲ, ಎಲ್ಲರೂ ಓಡಿ ಬಂದು ಕೈ ಹಿಡಿಯುವುದೇ ಸಮಸ್ಯೆ. ನಿಜವಾದ ಕಷ್ಟ ಕಾಗದದ್ದು. ಎದುರು ಪಾರ್ಟಿ ಕೊಟ್ಟ ದಾಖಲೆಗಳು ಸ್ಕ್ಯಾನ್ ಮಾಡಿದ ಚಿತ್ರಗಳು. ನನ್ನ ಕಂಪ್ಯೂಟರಿನ ಎನ್‌ವಿಡಿಎ (ಪರದೆ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ) ಅದನ್ನು ತೆರೆದರೆ ಮೌನ. ಸರಿ, ಟೈಪ್ ಮಾಡಿದ ಫೈಲೇ ಕೊಡಿ ಅಂತ ಕೇಳಿದೆ. ಕೊಟ್ಟರು. ತೆರೆದರೆ ಗ್ರೀಕೋ ಲ್ಯಾಟಿನ್ನೋ ಅನ್ನುವ ಹಾಗೆ ಓದುತ್ತಿದೆ! ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಯೂನಿಕೋಡ್ ಅಲ್ಲ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಿಕೊಂಡ ಮೇಲೆ ಓದಿತು. ಒತ್ತಕ್ಷರ ಅಲ್ಲಲ್ಲಿ ಕೆಟ್ಟಿತ್ತು, ಆದರೂ ಪರವಾಗಿಲ್ಲ.

ಅದಕ್ಕೆ ನಾನು ಅರ್ಜಿಯಲ್ಲಿ ಬರೆದಿದ್ದು: "ಸ್ಕ್ಯಾನ್ ಅಲ್ಲದ, ಯೂನಿಕೋಡ್ ಕನ್ನಡದ ಪ್ರತಿ ಕೊಡಿಸಿ." ಕಚೇರಿ, ರಿಜಿಸ್ಟ್ರಿಗಳಲ್ಲಿ ದಾಖಲೆಗಳು ನಾವು ಓದಬಹುದಾದ ರೂಪದಲ್ಲಿ ಸಿಗುವಂತೆ ಸಲಕರಣೆ ಇರಬೇಕು ಅಂತ ಕರಿಕೋಟು ಸರ್ ಹೇಳಿದ ಅದೇ 12ನೇ ಕಲಂನಲ್ಲೇ ಇದೆ.

ಪಾಟಿ ಸವಾಲಿನಲ್ಲಿ ವಕೀಲರು ಒಂದು ಕಾಗದ ಕೈಗೆ ಕೊಟ್ಟು "ಈ ಸಹಿ ನಿಮ್ಮದಾ?" ಅಂದರು. ನನಗೆ ಹೇಗೆ ಗೊತ್ತಾಗಬೇಕು? "ಯಾವ ಕಾಗದ ಅಂತ ಪೂರ್ತಿ ಓದಿಸಿ, ಆಮೇಲೆ ಕೇಳಿ" ಅಂದೆ. ಜಡ್ಜ್ ಒಪ್ಪಿದರು. ಬೆಂಚ್ ಕ್ಲರ್ಕ್ ಓದಿದರು. ನಿಮ್ಮವರು ಯಾರಾದರೂ ಇದ್ದರೆ ಅವರೇ ಓದಲಿ ಅಂದರೆ ಒಪ್ಪಬೇಡಿ. ಕೋರ್ಟಿನವರೇ ಓದಿದರೆ ಆಮೇಲೆ "ಹೇಳಿಕೊಟ್ಟರು" ಅನ್ನುವ ಮಾತು ಬರುವುದಿಲ್ಲ.

ಕೈಮಾತು (ಬುಧವಾರ, ಮಧ್ಯಾಹ್ನ 1:15)

ನನ್ನ ತಮ್ಮ ಕಿವುಡ. ಅವನಿಂದಾಗಿ ಸನ್ನೆ ಭಾಷೆ ಕಲಿತು ಈಗ ಅದೇ ನನ್ನ ಕೆಲಸ. ಎರಡು ಸಲ ಕೋರ್ಟಿನಲ್ಲಿ ಅನುವಾದ ಮಾಡಿದ್ದೇನೆ.

ಮೇಲಿನ ಅಪ್ಪನವರಿಗೆ ಓದಲು ಬರುತ್ತದೆ, ಅದು ದೊಡ್ಡ ಪುಣ್ಯ. ಹುಟ್ಟು ಕಿವುಡರ ಕಥೆ ಹಾಗಲ್ಲ. ಕನ್ನಡ ಅವರಿಗೆ ಎರಡನೇ ಭಾಷೆ. ಬರೆದು ತೋರಿಸಿದರೆ ಅರ್ಥವಾಗುತ್ತೆ ಅಂದುಕೊಳ್ಳುವುದು ತಪ್ಪು. ಎಷ್ಟೋ ಹಳ್ಳಿಯ ಕಿವುಡರಿಗೆ ಭಾರತೀಯ ಸನ್ನೆ ಭಾಷೆಯೂ ಬರುವುದಿಲ್ಲ. ಮನೆಯಲ್ಲಿ ಅಮ್ಮ, ಅಕ್ಕ ಮಾಡಿಕೊಂಡ ಸನ್ನೆಗಳು ಮಾತ್ರ. ಒಬ್ಬ ಹುಡುಗ ಮೀಸೆ ತಿರುವಿದರೆ ಅವರ ಮಾವ ಅಂತ ಅರ್ಥ, ಆ ಊರಿನ ಗೌಡ ಅಂತ ಅಲ್ಲ. ಇದು ನನಗೆ ಹೇಗೆ ಗೊತ್ತಾಗಬೇಕು? ಅವತ್ತು ಸಾಕ್ಷ್ಯಕ್ಕೆ ಮುಂಚೆ ಅರ್ಧ ಗಂಟೆ ಅವನ ಜೊತೆ ಕೂತು ಸನ್ನೆ ಕಲಿಯಲು ಅವಕಾಶ ಕೇಳಿದೆ. ಕೇಸಿನ ಬಗ್ಗೆ ಮಾತಾಡುವುದಿಲ್ಲ, ಕೋರ್ಟ್ ಸಿಬ್ಬಂದಿ ಎದುರಿಗೇ ಇರಲಿ ಅಂದೆ. ಕೊಟ್ಟರು.

ಅನುವಾದಕರು ಬೇಕು ಅಂತ ಮೊದಲೇ ಅರ್ಜಿ ಹಾಕಿ. ಸಾಕ್ಷಿ ಮಾತಾಡಲಾರದವರಾಗಿದ್ದರೆ ಅನುವಾದಕರ ಅಥವಾ ವಿಶೇಷ ಶಿಕ್ಷಕರ ಸಹಾಯ ಪಡೆಯಲೇಬೇಕು, ಹೇಳಿಕೆಯನ್ನು ವಿಡಿಯೋ ಮಾಡಲೇಬೇಕು ಅಂತ 2013ರಲ್ಲೇ ಸಾಕ್ಷ್ಯ ಕಾಯ್ದೆಯ 119ನೇ ಕಲಂಗೆ ಸೇರಿಸಿದರು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 125ನೇ ಕಲಂ. ವಿಡಿಯೋ ಬಹಳ ಮುಖ್ಯ. ನಾನು ತಪ್ಪು ಹೇಳಿದ್ದರೆ ಆಮೇಲೆ ಇನ್ನೊಬ್ಬರು ನೋಡಿ ಹಿಡಿಯಬಹುದು. ಅನುವಾದಕರೂ ಪ್ರಮಾಣ ಮಾಡಬೇಕು, ಅದು ಬಹಳ ಜನರಿಗೆ ಗೊತ್ತಿಲ್ಲ.

ಕರ್ನಾಟಕಕ್ಕೆ ಇದರಲ್ಲಿ ಒಂದು ಹೆಮ್ಮೆ ಇದೆ. ಬೆಂಗಳೂರಿನಲ್ಲಿ ಕಾನೂನು ಓದಿದ ಸಾರಾ ಸನ್ನಿ ಅವರು ಕಿವುಡರು. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸನ್ನೆ ಭಾಷೆಯ ಅನುವಾದಕರ ಮೂಲಕ ಹಾಜರಾದರು. 2024ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರ ಮುಂದೆ ವಾದ ಮಂಡಿಸಿದರು. ಆ ಸುದ್ದಿಯ ವಿಡಿಯೋ ನನ್ನ ತಮ್ಮನಿಗೆ ತೋರಿಸಿದೆ. ಅವನು ಮೂರು ಸಲ ಹಿಂದಕ್ಕೆ ತಳ್ಳಿ ನೋಡಿದ. ಆಮೇಲೆ "ಕರಿ ಕೋಟು ಎಷ್ಟಾಗುತ್ತೆ?" ಅಂತ ಸನ್ನೆ ಮಾಡಿದ.

ಮೆಲ್ಲಗೆ ಮಾತಾಡಿ (ಬುಧವಾರ, ರಾತ್ರಿ 10:20)

ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ. 24 ವರ್ಷ, ಬಿ.ಕಾಂ. ಮಾಡಿದ್ದಾನೆ. ಮನೆ ಮುಂದೆ ಆದ ಅಪಘಾತಕ್ಕೆ ಅವನೇ ಸಾಕ್ಷಿ. ಮೊದಲು ಪೊಲೀಸರು "ಸ್ಟೇಷನ್ನಿಗೆ ಕರ್ಕೊಂಡು ಬನ್ನಿ" ಅಂದರು. ಅಂಗವೈಕಲ್ಯ ಇರುವವರನ್ನು ಸಾಕ್ಷಿ ಅಂತ ಠಾಣೆಗೆ ಕರೆಸುವ ಹಾಗಿಲ್ಲ, ಅವರು ಇರುವ ಕಡೆಗೇ ಬರಬೇಕು. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 179ನೇ ಕಲಂ. ಪರಿಚಯದವರೊಬ್ಬರು ಹೇಳಿಕೊಟ್ಟಿದ್ದನ್ನು ಫೋನಿನಲ್ಲಿ ಹಾಗೇ ಒಪ್ಪಿಸಿದೆ. ಮಾರನೇ ದಿನ ಮನೆಗೇ ಬಂದರು, ಕಾಫಿ ಕುಡಿದು ಹೋದರು.

ಕೋರ್ಟಿನಲ್ಲಿ ಕಷ್ಟ ಆಗಿದ್ದು ಬೇರೆ. ಅವನು ಒಂದು ವಾಕ್ಯ ಮುಗಿಸಲು ಸುಮಾರು ಒಂದು ನಿಮಿಷ ಬೇಕು. "ನಾನು... ಕಾರು... ನೋಡಿದೆ" ಅನ್ನುವಷ್ಟರಲ್ಲಿ ವಕೀಲರು "ಆಯ್ತು, ಕಾರು ನೋಡಿದ್ರಿ" ಅಂತ ಮುಂದಿನ ಪ್ರಶ್ನೆಗೆ ಹಾರುತ್ತಿದ್ದರು. ಅವನು ಹೇಳಬೇಕಿದ್ದದ್ದು "ಕಾರು ನೋಡಿದೆ, ಆದರೆ ನಂಬರ್ ನೋಡಲಿಲ್ಲ" ಅಂತ. ಎರಡನೇ ತಾರೀಖಿಗೆ ಪಿ.ಪಿ. (ಸರ್ಕಾರಿ ವಕೀಲರು) ಮೂಲಕ ಒಂದೇ ಒಂದು ವಿನಂತಿ ಇಟ್ಟೆವು. ಅವನು ಮಾತು ಮುಗಿಸಿದಾಗ ಕೈ ಎತ್ತುತ್ತಾನೆ, ಅಲ್ಲಿಯವರೆಗೆ ಯಾರೂ ಮಾತಾಡಬಾರದು. ಅಷ್ಟೇ. ಜಡ್ಜ್ ಮೇಡಂ ಅದನ್ನು ಎಷ್ಟು ಗಟ್ಟಿಯಾಗಿ ಪಾಲಿಸಿದರು ಅಂದರೆ, ನಡುವೆ ಕೆಮ್ಮಿದ ವಕೀಲರ ಕಡೆಗೂ ಒಂದು ಸಲ ದುರುಗುಟ್ಟಿ ನೋಡಿದರು.

ಕರಿಕೋಟು (ಗುರುವಾರ, ಬೆಳಿಗ್ಗೆ 7:00)

ಮೇಡಂ, ಕ್ರಿಮಿನಲ್ ಕೇಸುಗಳಲ್ಲಿ ಇನ್ನೂ ಒಂದು ದಾರಿ ಇದೆ, ಬೇರೆಯವರಿಗಾಗಿ ಹೇಳುತ್ತೇನೆ. ದುರ್ಬಲ ಸಾಕ್ಷಿಗಳ ಹೇಳಿಕೆಗೆ ಪ್ರತ್ಯೇಕ ಕೇಂದ್ರ ಮಾಡಿ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2022ರ ಜನವರಿಯಲ್ಲಿ ಸ್ಮೃತಿ ಬಡಾಡೆ ಪ್ರಕರಣದಲ್ಲಿ ಆ ಪದದ ಅರ್ಥವನ್ನೇ ಹಿಗ್ಗಿಸಿತು. ಮಕ್ಕಳು ಮಾತ್ರ ಅಲ್ಲ, ಮಾನಸಿಕ ಕಾಯಿಲೆ, ವಾಕ್ ಶ್ರವಣ ದೋಷ, ಬೇರೆ ಅಂಗವೈಕಲ್ಯ ಇರುವ ಸಾಕ್ಷಿಗಳೂ ಅದರೊಳಗೆ ಬರುತ್ತಾರೆ. ಜಿಲ್ಲಾ ಕೋರ್ಟ್ ಆವರಣದಲ್ಲಿ ಅಂಥ ಕೇಂದ್ರ ಇದೆಯಾ ಅಂತ ಪಿ.ಪಿ. ಅವರನ್ನು ಕೇಳಿ. ಆರೋಪಿ ಮುಖ ನೋಡದೆ, ಗದ್ದಲ ಇಲ್ಲದ ಕೋಣೆಯಲ್ಲಿ ಕೂತು ಹೇಳಿಕೆ ಕೊಡಬಹುದು.

ಪಟಾನ್ ಜಮಾಲ್ ವಲಿ ಪ್ರಕರಣ ಕೂಡ ನೆನಪಿರಲಿ, 2021ರದ್ದು. ಕಣ್ಣು ಕಾಣದ ಯುವತಿ ಆರೋಪಿಯನ್ನು ದನಿಯಿಂದ ಗುರುತಿಸಿದ್ದರು. ಅಂಗವೈಕಲ್ಯ ಇದೆ ಅನ್ನುವ ಒಂದೇ ಕಾರಣಕ್ಕೆ ಸಾಕ್ಷ್ಯದ ತೂಕ ಕಡಿಮೆ ಮಾಡುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು.

ತೋಟದ ಮಗಳು (ಶುಕ್ರವಾರ, ರಾತ್ರಿ 9:05)

ನಮ್ಮ ವಕೀಲರಿಗೆ ಎಲ್ಲ ತೋರಿಸಿದೆ. ಪೂರ್ತಿ ಓದಿದರು, ಸಂತೋಷ. ಆದರೆ ಅವರು ಇನ್ನೊಂದು ದಾರಿ ಹೇಳುತ್ತಿದ್ದಾರೆ. ಆರ್ಡರ್ 32 ರೂಲ್ 15ರಲ್ಲಿ ಅರ್ಜಿ ಹಾಕಿ, ಅಪ್ಪನ ಪರವಾಗಿ ನೀವೇ ಕೇಸ್ ನಡೆಸಿ, ಅವರು ಬರುವುದೇ ಬೇಡ ಅಂತ. ಕೇಳಲು ಸುಲಭ ಅನ್ನಿಸಿತು. ಇನ್ನೊಬ್ಬರು ಕಮಿಷನರ್ ನೇಮಿಸಿಕೊಂಡು ಮನೆಯಲ್ಲೇ ಪಾಟಿ ಸವಾಲು ಮಾಡಿಸಿ ಅಂದರು. ವಿಡಿಯೋ ಕಾನ್ಫರೆನ್ಸ್ ಅಂತಲೂ ಹೇಳುತ್ತಾರೆ. ಯಾವುದು ಒಳ್ಳೆಯದು?

ಕರಿಕೋಟು (ಶುಕ್ರವಾರ, ರಾತ್ರಿ 9:50)

ಮೊದಲನೆಯದನ್ನು ಮಾತ್ರ ಮಾಡಬೇಡಿ. ಆರ್ಡರ್ 32 ರೂಲ್ 15 ಅಂದರೆ ತನ್ನ ಹಿತ ತಾನೇ ಕಾಪಾಡಿಕೊಳ್ಳಲಾಗದ ಮನಸ್ಥಿತಿ ಅಂತ ಕೋರ್ಟು ವಿಚಾರಣೆ ಮಾಡಿ ತೀರ್ಮಾನಿಸುವುದು. ನಿಮ್ಮಪ್ಪನಿಗೆ ಕಿವಿ ಕೇಳಿಸಲ್ಲ, ಬುದ್ಧಿ ಸರಿಯಾಗೇ ಇದೆ. ನಾಳೆ ಅವರು ವಿಲ್ ಬರೆದರೆ, ಬ್ಯಾಂಕಿನಲ್ಲಿ ಸಹಿ ಹಾಕಿದರೆ, ಇದೇ ಅರ್ಜಿ ಹಿಡಿದುಕೊಂಡು ಬರುತ್ತಾರೆ. ಮೆಟ್ಟಿಲು ತಪ್ಪಿಸಲು ಹೋಗಿ ಮನುಷ್ಯನನ್ನೇ ಲೆಕ್ಕದಿಂದ ತೆಗೆದ ಹಾಗಾಗುತ್ತದೆ.

ಕಮಿಷನರ್ ಪರವಾಗಿಲ್ಲ, ಆರ್ಡರ್ 26ರಲ್ಲಿ ಅವಕಾಶ ಇದೆ. ಹಾಸಿಗೆ ಹಿಡಿದವರಿಗೆ ಅದೇ ಸರಿ. ಆದರೆ ಶುಲ್ಕ ಸಾಮಾನ್ಯವಾಗಿ ಕೇಳಿದವರ ಮೇಲೆ ಬೀಳುತ್ತದೆ, ಮತ್ತು ನಿಮ್ಮಪ್ಪ ಹೇಗೆ ಉತ್ತರ ಕೊಡುತ್ತಾರೆ ಅನ್ನುವುದನ್ನು ಜಡ್ಜ್ ಕಣ್ಣಾರೆ ನೋಡುವುದಿಲ್ಲ. ಒಂದು ಸಲ ತಪ್ಪು ಕೇಳಿಸಿಕೊಂಡಿದ್ದಾರೆ ಅನ್ನುವ ಪ್ರಶ್ನೆ ಇರುವಾಗ ಜಡ್ಜ್ ನೋಡುವುದೇ ನಿಮಗೆ ಲಾಭ. ವಿಡಿಯೋ ಕಾನ್ಫರೆನ್ಸ್‌ಗೆ 2020ರಿಂದ ನಮ್ಮಲ್ಲಿ ನಿಯಮ ಇದೆ, ಸಾಕ್ಷಿ ಇರುವ ಕಡೆ ಒಬ್ಬ ಸಂಯೋಜಕರು ಬೇಕು. ನಡೆಯಲಾಗದವರಿಗೆ ವರ. ಕಿವಿ ಕೇಳದವರಿಗೆ ತಡವರಿಸುವ ನೆಟ್‌ವರ್ಕಿನಲ್ಲಿ ಪಾಟಿ ಸವಾಲು ಅಂದರೆ ಶಿಕ್ಷೆ.

ಹಾದಿ ಹೋಕ (ಶನಿವಾರ, ಬೆಳಿಗ್ಗೆ 11:30)

ದುಡ್ಡಿನ ವಿಷಯ ಯಾರೂ ಹೇಳಲಿಲ್ಲ. ಅಂಗವೈಕಲ್ಯ ಇದ್ದರೆ ಉಚಿತ ಕಾನೂನು ನೆರವಿಗೆ ಆದಾಯದ ಮಿತಿ ಇಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ. 15100ಕ್ಕೆ ಫೋನ್ ಮಾಡಿ, ಇಲ್ಲ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ವಕೀಲರು ಬೇಡ, ಅನುವಾದಕರು ಮಾತ್ರ ಬೇಕು ಅಂದರೂ ಅಲ್ಲೇ ಅರ್ಜಿ ಕೊಡಿ. ನಮ್ಮ ಪಂಚಾಯಿತಿಯ ವಿ.ಆರ್.ಡಬ್ಲ್ಯೂ. (ಅದೇ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಯುಡಿಐಡಿ ಕಾಗದ ಎಲ್ಲ ಮಾಡಿಸಿಕೊಟ್ಟ. ತಾನೂ ಪೋಲಿಯೊ ಆದವನು, ಎಲ್ಲ ಆಫೀಸಿನ ಮೆಟ್ಟಿಲು ಲೆಕ್ಕ ಬಾಯಿಪಾಠ ಅವನಿಗೆ.

ನನ್ನದೊಂದು ಪ್ರಶ್ನೆ. ನಮ್ಮದು ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿನಲ್ಲಿ ಪಹಣಿ ತಕರಾರು. ಅಲ್ಲಿಗೂ ಇದು ನಡೆಯುತ್ತಾ?

ಕರಿಕೋಟು (ಶನಿವಾರ, ಮಧ್ಯಾಹ್ನ 12:10)

ನಡೆಯುತ್ತದೆ. 12ನೇ ಕಲಂ ಅರೆ ನ್ಯಾಯಿಕ ಅಧಿಕಾರ ಇರುವ ಎಲ್ಲರಿಗೂ ಅನ್ವಯ. ಎ.ಸಿ., ತಹಶೀಲ್ದಾರ್, ಗ್ರಾಹಕ ಆಯೋಗ ಎಲ್ಲ ಬರುತ್ತಾರೆ. ಕಟ್ಟಡದ ಬಗ್ಗೆ ಹೇಳುವುದಾದರೆ, ಹಳೇ ಸಾರ್ವಜನಿಕ ಕಟ್ಟಡಗಳನ್ನೂ ನಿಯಮ ಬಂದ ಐದು ವರ್ಷದೊಳಗೆ ಸರಿ ಮಾಡಬೇಕು ಅಂತ ಕಾಯ್ದೆಯಲ್ಲಿದೆ. ನಿಯಮ ಬಂದಿದ್ದು 2017ರ ಜೂನ್‌ನಲ್ಲಿ. ಲೆಕ್ಕ ನೀವೇ ಹಾಕಿ.

ತೋಟದ ಮಗಳು (19 ದಿನಗಳ ನಂತರ, ಸಂಜೆ 7:25)

ಎಲ್ಲರಿಗೂ ಹೇಳಲೇಬೇಕು ಅಂತ ಬಂದೆ. ಇವತ್ತು ಆಯಿತು.

ಅರ್ಜಿ ಹತ್ತು ದಿನ ಮೊದಲೇ ಹಾಕಿದೆವು. ಎದುರು ಪಾರ್ಟಿ ತಕರಾರು ಬರೆದರು: "ಇದು ಸಾಕ್ಷ್ಯ ತಿದ್ದಿಕೊಳ್ಳುವ ತಂತ್ರ." ಜಡ್ಜ್ ಆ ಕೊನೆ ಸಾಲನ್ನು ಎರಡು ಸಲ ಓದಿದರಂತೆ. "ಮುಂದೂಡಿ ಅಂತ ಕೇಳ್ತಿಲ್ಲವಲ್ಲ, ನಿಮಗೇನು ತೊಂದರೆ?" ಅಂದರಂತೆ. ಅನುಮತಿ ಕೊಟ್ಟರು. ವಿರಾಮ ಬೇಕಾದಾಗ ನೋಡೋಣ ಅಂದರು.

ಕೆಳಗಿನ ಹಾಲ್ ಸಿಗಲಿಲ್ಲ. ಮಧ್ಯಸ್ಥಿಕೆ ರೂಮಿನಲ್ಲಿ ಮಾಡಿದರು. ಬಾಗಿಲಲ್ಲಿ ಒಂದು ಹೊಸ್ತಿಲು ಇತ್ತು, ಅಷ್ಟೇ. ಅಪ್ಪ ಕೋಲು ಊರಿಕೊಂಡು ತಾವೇ ನಡೆದು ಹೋದರು. ಮೂರನೇ ಪರದೆ ಇರಲಿಲ್ಲ, ಸ್ಟೆನೊ ಮೇಡಂ ತಮ್ಮದನ್ನೇ ಅರ್ಧ ತಿರುಗಿಸಿದರು. ಫ್ಯಾನ್ ಆಫ್ ಮಾಡಿಸಿದರು. ಎಲ್ಲರೂ ಬೆವೆತರು ಪಾಪ.

ಪ್ರಶ್ನೆ ಟೈಪ್ ಆಗುತ್ತಿತ್ತು. ಅಪ್ಪ ಕನ್ನಡಕ ಏರಿಸಿಕೊಂಡು, ಬಾಯಲ್ಲೇ ಓದಿಕೊಂಡು, ಆಮೇಲೆ ಉತ್ತರ. ನಾಲ್ಕನೇ ಪ್ರಶ್ನೆಗೆ ಸುಮ್ನೆ ಕೂತರು. ಜಡ್ಜ್ "ಅರ್ಥ ಆಗಲಿಲ್ವಾ?" ಅಂತ ಬರೆಸಿದರು. ಅಪ್ಪ "ಅರ್ಥ ಆಯ್ತು ಸ್ವಾಮಿ. ಸರ್ವೆ ನಂಬರ್ 34/2, ಇಲ್ಲಿ 43/2 ಅಂತ ಹಾಕಿದ್ದಾರೆ. 'ಸ್ವಾಧೀನ'ಕ್ಕೆ ಮಹಾಪ್ರಾಣ ಬಿಟ್ಟುಹೋಗಿದೆ" ಅಂದರು. ಮೇಷ್ಟ್ರ ಬುದ್ಧಿ! ಸ್ಟೆನೊ ಮೇಡಂ ನಕ್ಕು ತಿದ್ದಿದರು. ಎದುರು ವಕೀಲರೂ ನಕ್ಕರು.

ಮರು ವಿಚಾರಣೆಯಲ್ಲಿ 1998ರ ಸಾಲಿನ ಬಗ್ಗೆ ನಮ್ಮ ವಕೀಲರು ಕೇಳಿದರು. "ಬಾಯಿ ಮಾತಿನ ಪಾಲು ಆಗಿಲ್ಲ. ಆ ದಿನ ಪ್ರಶ್ನೆ ನನಗೆ ಕೇಳಿಸಿರಲಿಲ್ಲ" ಅಂದರು. ಮತ್ತೆ ಪಾಟಿ ಸವಾಲಿಗೆ ಅವಕಾಶ ತಗೊಂಡು ಎದುರಿನವರು ಒಂದು ಪ್ರಶ್ನೆ ಹಾಕಿದರು. ಕಾಪಿಯಲ್ಲಿ ಹೀಗಿದೆ: "ನನ್ನ ಮಗಳು ಹೇಳಿಕೊಟ್ಟಂತೆ ಈಗ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ."

ಆ ಎರಡು ಉತ್ತರದಲ್ಲಿ ಯಾವುದನ್ನು ನಂಬುತ್ತಾರೋ ತೀರ್ಪಿನಲ್ಲೇ ಗೊತ್ತಾಗಬೇಕು. ಪ್ರತಿವಾದಿ ಸಾಕ್ಷಿ ಇನ್ನೂ ಶುರುವಾಗಿಲ್ಲ.

ಬೆಂಚ್ ಪಕ್ಕದವನು (ರಾತ್ರಿ 8:00)

ಫ್ಯಾನ್ ಆಫ್ ಮಾಡಿಸುವುದು ನಮಗೂ ಹೊಳೆದಿರಲಿಲ್ಲ ಮೇಡಂ. ಮುಂದಿನ ಸಲ ಯಾರಾದರೂ ಬಂದರೆ ನಾನೇ ಎದ್ದು ಸ್ವಿಚ್ ಒತ್ತುತ್ತೇನೆ.

ಮೆಲ್ಲಗೆ ಮಾತಾಡಿ (ರಾತ್ರಿ 8:44)

ಮಹಾಪ್ರಾಣ ಓದಿ ನನ್ನ ಮಗ ಇನ್ನೂ ನಗುತ್ತಿದ್ದಾನೆ. ಅಪ್ಪನವರಿಗೆ ನಮಸ್ಕಾರ ಹೇಳಿ.

ಬಿಳಿ ಕೋಲು (ರಾತ್ರಿ 9:10)

ಅಕ್ಕ, ಆ ಅರ್ಜಿ ಮತ್ತು ಆದೇಶದ ಕಾಪಿ ಹೆಸರು ಅಳಿಸಿ ಇಲ್ಲಿ ಹಾಕುತ್ತೀರಾ? ನಮ್ಮ ಸಂಘದಲ್ಲಿ ನಾಲ್ಕೈದು ಜನ ಕೇಳುತ್ತಿದ್ದಾರೆ. ಸ್ಕ್ಯಾನ್ ಬೇಡ.

ತೋಟದ ಮಗಳು (ರಾತ್ರಿ 9:18)

ಅರ್ಜಿ ನಾನೇ ಟೈಪ್ ಮಾಡಿದ್ದು, ಯೂನಿಕೋಡ್‌ನಲ್ಲೇ. ಆದೇಶ ಸ್ಕ್ಯಾನ್ ಸಿಕ್ಕಿದೆ. ಅಪ್ಪ "ಕೊಡು, ನಾನು ಓದಿ ಹೇಳ್ತೀನಿ, ನೀನು ಬರ್ಕೋ" ಅಂತ ಕೂತಿದ್ದಾರೆ. ನಾಳೆ ಬೆಳಿಗ್ಗೆ ಹಾಕುತ್ತೇನೆ.